ಡ್ಯಾಮ್ ಗೇಟ್: ಚೈನ್ ಕಟ್ಟಾದ್ರೂ ಕಷ್ಟ, ಪಾಸ್‌ವರ್ಡ್ ಹೋದ್ರೂ ಕಷ್ಟ

ಉಗರಗೋಳದಿಂದ ಮಾತಾಡ್ತಿದ್ದೀನಿ. ನಮ್ಮೂರಿಗೆ ಹತ್ತಿರದ ನವಿಲುತೀರ್ಥ ಡ್ಯಾಮ್ ನಿಮಗೆ ಗೊತ್ತೇ ಐತಿ. ಹುಬ್ಬಳ್ಳಿ-ಧಾರವಾಡದವರು ಕುಡಿಯೋ ಮಲಪ್ರಭಾ ನೀರು ಅಲ್ಲಿಂದಲೇ ಹೋಗ್ತೈತಿ. ಇಂಥ ಡ್ಯಾಮಿನ ಗೇಟ್ ಯಾವ್ಯಾವ ರೀತಿ ಕೈಕೊಡಬಹುದು? ಇವತ್ತು ಅದನ್ನೇ ನೋಡೋಣ.

ಮೊದಲನೇ ರೀತಿ ನಮ್ಮ ರಾಜ್ಯದಾಗೇ ಆಗೈತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ 19ನೇದರ ಚೈನ್ ಕಟ್ಟಾಗಿ ಗೇಟೇ ಕೊಚ್ಚಿಹೋಯ್ತು. ಒತ್ತಡ ತಗ್ಗಿಸಾಕ ಉಳಿದ ಗೇಟುಗಳನ್ನೂ ತೆಗೆದು, ಕೂಡಿಟ್ಟ ನೀರನ್ನ ನದಿಗೆ ಬಿಡಬೇಕಾಯ್ತು. ಯಾರೂ ಬೇಕಂತ ಮಾಡಿದ್ದಲ್ಲ. ಇದು ಸೇಫ್ಟಿ ವಿಷಯ.

ಎರಡನೇದು, 2025ರ ಏಪ್ರಿಲ್‌ನಲ್ಲಿ ನಾರ್ವೆಯ ಬ್ರೆಮಾಂಗರ್‌ನಲ್ಲಿ. ಹ್ಯಾಕರ್‌ಗಳು ದೂರದಿಂದಲೇ ಡ್ಯಾಮಿನ ಕಂಟ್ರೋಲ್ ಸಿಸ್ಟಮ್‌ಗೆ ನುಗ್ಗಿ ವಾಲ್ವ್ ತೆರೆದ್ರು. ಸೆಕೆಂಡಿಗೆ ಸುಮಾರು 500 ಲೀಟರ್‌ನಂತೆ ಸುಮಾರು 4 ತಾಸು ನೀರು ಹರೀತು. ಯಾರಿಗೂ ಏನೂ ಆಗ್ಲಿಲ್ಲ, ಆದ್ರ ಬೇಕಂತಲೇ ಮಾಡಿದ್ದು. ಇದು ಸೆಕ್ಯುರಿಟಿ ವಿಷಯ.

ಸಾಮಾನ್ಯವಾಗಿ ಇವೆರಡಕ್ಕೂ ಬೇರೆ ಟೀಮು, ಬೇರೆ ಫೈಲು. ತೊಂದರೆ ಏನಂದ್ರ, ಒಂದರ ಔಷಧ ಇನ್ನೊಂದಕ್ಕ ರೋಗ. ಪ್ರವಾಹ ಬಂದಾಗ ಲಗೂನ ಗೇಟ್ ಎತ್ತಾಕ ರಿಮೋಟ್ ಕಂಟ್ರೋಲ್ ಹಾಕಿದ್ರ ಹ್ಯಾಕರ್‌ಗೂ ಬಾಗಿಲು ಸಿಗ್ತೈತಿ. ಅದಕ್ಕಂತ ಬಿಗಿ ಲಾಕ್ ಹಾಕಿದ್ರ, ಅರ್ಧರಾತ್ರಿ ಆಪರೇಟರೇ ಹೊರಗ ನಿಲ್ಲಬೇಕಾಗ್ತೈತಿ.

ಹಂಗಾಗಿ ಎರಡನ್ನೂ ಒಂದೇ ನಕ್ಷೆಗೆ ತರ್ತಾರ. ಯಂತ್ರ ಕೆಡೋ ದಾರಿಗಳನ್ನ ಬಿಡಿಸಿ ತೋರಿಸೋದು ಫಾಲ್ಟ್ ಟ್ರೀ, ದಾಳಿಯ ದಾರಿಗಳನ್ನ ತೋರಿಸೋದು ಅಟ್ಯಾಕ್ ಟ್ರೀ. ಎರಡೂ ಕೂಡಿಸಿ, ಯಾವ್ಯಾವುದು ಒಟ್ಟಿಗೆ ಆದ್ರ ಅನಾಹುತ ಅಂತ ಕಂಪ್ಯೂಟರ್ ಹುಡುಕ್ತೈತಿ. ಉದಾಹರಣೆಗೆ, ನೀರಿನ ಮಟ್ಟ ಕಡಿಮೆ ಐತಿ ಅಂತ ಹ್ಯಾಕರ್ ಸುಳ್ಳು ತೋರಿಸ್ತಾನ. ಸತ್ಯ ಗೊತ್ತಾಗೋ ಹೊತ್ತಿಗೆ ಕರೆಂಟ್ ಹೋಗಿ, ಜನರೇಟರೂ ಕೆಟ್ಟಿರ್ತೈತಿ. ಬಿಡಿಬಿಡಿಯಾಗಿ ಬಂದ್ರ ಸಂಭಾಳಿಸಬಹುದು, ಕೂಡಿ ಬಂದ್ರ ಕಷ್ಟ.

ಇದಕ್ಕ ಕಂಪ್ಯೂಟರೇ ಯಾಕ? ನಾನು ಬಿ.ಕಾಂ., ಲೆಕ್ಕದಾಗೇ ಹೇಳ್ತೀನಿ. 100 ದೋಷಗಳಿದ್ರ, ಎರಡೆರಡರ ಜೋಡಿ 4,950. ಮೂರ್ಮೂರು ಕೂಡಿಸಿದ್ರ 1,61,700. ಕೈಯಾಗ ಬರೆದು ಮುಗಿಸೋದಲ್ಲ.

ಆದ್ರ ಎಂಟ್ರಿ ಹಾಕದ ಬಿಲ್ಲು ಬ್ಯಾಲೆನ್ಸ್ ಶೀಟಿನಾಗ ಕಾಣಂಗಿಲ್ಲ. ಚೈನಿಗೆ ಗ್ರೀಸ್ ಹಚ್ಚೋ ಮನುಷ್ಯನನ್ನ ಕೇಳದೇ ನಕ್ಷೆ ಮಾಡಿದ್ರ, ಸವೆದ ಚೈನ್ ಅದರಾಗ ಇರಂಗೇ ಇಲ್ಲ. ಮುಂದ ಯಾವ ಡ್ಯಾಮಿಗಾದ್ರೂ ‘ಸ್ಮಾರ್ಟ್ ಗೇಟ್’ ಬಂತು ಅಂತ ಸುದ್ದಿ ಕೇಳಿದ್ರ ಒಂದು ಪ್ರಶ್ನೆ ಕೇಳ್ರಿ: ಚೈನ್ ನೋಡೋರು, ಪಾಸ್‌ವರ್ಡ್ ನೋಡೋರು ಒಂದೇ ಟೇಬಲ್ ಸುತ್ತ ಕೂತಿದ್ರಾ?