ಕುಣಿತಕ್ಕೂ ಒಡೆತನವುಂಟೆ?

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬಯಲುಗಳಲ್ಲಿ ಬೆಳಗಿನ ತನಕ ನಡೆಯುವ ಯಕ್ಷಗಾನ ಯಾರೊಬ್ಬರ ಸ್ವತ್ತೂ ಅಲ್ಲವೆಂಬುದನ್ನು ವಾಚಕರು ಬಲ್ಲರು. ಆದರೆ ಕೋಟದ ಶಿವರಾಮ ಕಾರಂತರು ಮಾತನ್ನು ತಗ್ಗಿಸಿ, ರಾಗ, ಕುಣಿತ, ವೇಷಗಳನ್ನು ಹೊಸತಾಗಿ ಹೊಂದಿಸಿ ಕಟ್ಟಿದ ಯಕ್ಷಗಾನ ಬ್ಯಾಲೆಯ ಸಂಗತಿಯೇ ಬೇರೆ. 1994ರ ಉಯಿಲಿನ ಮೂಲಕ ಅದರ ಹಕ್ಕು ಮಾಲಿನಿ ಮಲ್ಯರಿಗೆ ಸಂದಿತು. 2001ರಲ್ಲಿ ಮಣಿಪಾಲದ ಅಕಾಡೆಮಿಯು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ ವ್ಯಾಜ್ಯ ಹುಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟು ಮಲ್ಯರ ಹಕ್ಕನ್ನು ಎತ್ತಿಹಿಡಿಯಿತು; ವಿದ್ಯಾಸಂಸ್ಥೆಯು ತನ್ನವರೆದುರು ಆಡುವ ಆಟಕ್ಕೂ ಹಣ ಪಡೆಯದ ಆಟಕ್ಕೂ ಕಾನೂನಿತ್ತ ವಿನಾಯಿತಿಯನ್ನು ಮಾತ್ರ ಉಳಿಸಿತು. ಇದು ಉಚಿತವೇ. ಆದರೂ ಆ ಹೆಜ್ಜೆಗಳನ್ನು ಮೈಗೂಡಿಸಿಕೊಂಡ ವೇಷಧಾರಿಯ, ಹಾಡಿ ಕುಣಿಸಿದ ಭಾಗವತರ ಪಾಲೆಷ್ಟೆಂಬುದು ಆ ತೀರ್ಪಿನ ವಿಷಯವಾಗಿರಲಿಲ್ಲ. ಕಾರಂತರು ಗತಿಸಿದ್ದು 1997ರಲ್ಲಿ. ಕಾನೂನಿನ 60 ವರ್ಷಗಳ ಲೆಕ್ಕದಂತೆ ಹಕ್ಕು 2057ರ ಕೊನೆಯವರೆಗೆ ನಡೆಯುತ್ತದೆ.