ಗೆಜ್ಜೆ ಬಿಚ್ಚಿಡುವ ವಯಸ್ಸಲ್ಲ ಇದು

‘ಮಗಳಿಗೆ ಜೂನಿಯರ್ ಆಗಿದೆ, ಇನ್ನು ಸೀನಿಯರ್ ಕಟ್ಟಿಸಬೇಕು.’ ಭರತನಾಟ್ಯ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ಅಷ್ಟರಲ್ಲಿ ಹುಡುಗಿ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಬಂದಿರುತ್ತಾಳೆ. ‘ಡಾನ್ಸ್ ಸಾಕು, ಟ್ಯೂಷನ್‌ಗೆ ಹೋಗು’ ಎಂಬ ಒತ್ತಾಯವೂ ಶುರುವಾಗಿರುತ್ತದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನಿಂದ ಪಟ್ಟಣಕ್ಕೆ ಬಸ್ಸು ಹಿಡಿದು ಪಾಠಕ್ಕೆ ಹೋಗಬೇಕಾದ ಮಕ್ಕಳ ಕಲಿಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ನೃತ್ಯ ನಿಜವಾಗಿ ತಲೆಗೆ ಹತ್ತುವುದೂ ಈ ಹಂತದಲ್ಲೇ.

ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ತರಗತಿಗಳಲ್ಲಿ ಭರತನಾಟ್ಯ, ಕಥಕ್, ಕೂಚಿಪುಡಿಗಳನ್ನು ಪಠ್ಯವಿಷಯವಾಗಿಯೇ ಆಯ್ದುಕೊಳ್ಳಬಹುದು. ನಮ್ಮ ಪಿಯುಸಿ ಮಕ್ಕಳಿಗೆ ಆ ಜಾಗದಲ್ಲಿರುವುದು ಸೀನಿಯರ್ ಪರೀಕ್ಷೆ. ಹಿಂದೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಇದನ್ನು ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಜೂನಿಯರ್‌ನ ಮೇಲಿನ ಮೆಟ್ಟಿಲು ಸೀನಿಯರ್, ಅದರಾಚೆಗೆ ವಿದ್ವತ್. ಶಾಸ್ತ್ರಕ್ಕೆ ಬರವಣಿಗೆ, ಪ್ರಯೋಗಕ್ಕೆ ಪರೀಕ್ಷಕರೆದುರು ನರ್ತನ.

ಚಿಕ್ಕವರು ಅಡವು ಕಲಿಯುವಾಗ ಗುರುಗಳನ್ನು ನೋಡಿ ಮಾಡಿದರೆ ನಡೆಯುತ್ತದೆ. ಅಭಿನಯದರ್ಪಣದ 28 ಅಸಂಯುತ ಹಸ್ತಗಳು, 9 ಶಿರೋಭೇದ, 8 ದೃಷ್ಟಿಭೇದ ಬಾಯಿಪಾಠವಾದರೂ ಸಾಕು. ಮುಂದಿನ ಹಂತ ಅಷ್ಟಕ್ಕೆ ಬಿಡುವುದಿಲ್ಲ. ಕುಣಿದು ಮುಗಿಸಿದ ಹುಡುಗಿಯನ್ನು ಪರೀಕ್ಷಕರು ಕೂರಿಸಿ, ‘ಆ ಜತಿ ಹೇಳಮ್ಮ’ ಎನ್ನುತ್ತಾರೆ. ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲುಕಟ್ಟು; ಎರಡೂ ಒಂದನ್ನೊಂದು ಬಿಟ್ಟುಹೋಗಬಾರದು. ಕಾಲಿಗೆ ರೂಢಿಯಾದದ್ದು ಲೆಕ್ಕವಾಗಿಯೂ ಗೊತ್ತಿದೆಯೇ ಎಂಬುದು ಅಲ್ಲಿ ಬಯಲಾಗುತ್ತದೆ.

ವರ್ಣದ ಸಂಚಾರಿ ಇನ್ನೂ ಕಠಿಣ. ನಾಯಕ ಬರಲಿಲ್ಲವೆಂಬ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುತ್ತಾರೆ. ಒಮ್ಮೆ ಬಾಗಿಲಲ್ಲಿ ಕಾಯಬೇಕು, ಒಮ್ಮೆ ಸಖಿಯ ಮೇಲೆ ರೇಗಬೇಕು, ಇನ್ನೊಮ್ಮೆ ಮುಡಿದ ಹೂವನ್ನೇ ತೆಗೆದಿಡಬೇಕು. ಹತ್ತು ವರ್ಷದ ಮಗು ಇದನ್ನು ಅನುಕರಿಸಬಲ್ಲದು. ಹದಿನಾರರವಳು ತಾನೇ ಯೋಚಿಸಿ ಕಟ್ಟಬಲ್ಲಳು.

ಅಭಿನಯದ ಈ ಪಾಠಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಪರಂಪರೆಯೇ ಇದೆ. ಮೈಸೂರು ಆಸ್ಥಾನದ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷ್ಮಮ್ಮ, ತಿ. ನರಸೀಪುರ ತಾಲ್ಲೂಕಿನ ಮೂಗೂರಿನ ಜೇಜಮ್ಮ, ಇವರೆಲ್ಲ ಮೈಸೂರು ಶೈಲಿಯನ್ನು ಉಳಿಸಿ ಬೆಳೆಸಿದವರು. ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಮ್ಮನವರು ಅರಮನೆಯ ವಿದ್ಯೆಯನ್ನು ಮೈಸೂರು ವಿಶ್ವವಿದ್ಯಾಲಯದ ತರಗತಿಗೆ ತಂದರು. 1992ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಊರಹಬ್ಬದಲ್ಲಿ ಪೂಜಾ ಕುಣಿತ ಕಂಡು ಬೆಳೆದ ಮಕ್ಕಳಿಗೆ ಲಯ ಹೊಸದೇನಲ್ಲ. ದೇವಿಯ ಮುಖವಿರುವ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು, ತಮಟೆಯ ಏಟಿಗೆ ಕುಣಿಯುವವರ ಸಮತೋಲ ಯಾವ ಶಾಸ್ತ್ರೀಯ ನರ್ತಕಿಗೂ ಪಾಠವಾಗಬಲ್ಲದು. ಸೀನಿಯರ್ ಓದುವ ಹುಡುಗಿ ತಾಳದ ಅಂಗಗಳನ್ನು ಕಲಿತಮೇಲೆ ಆ ತಮಟೆಯನ್ನೂ ಬೇರೆ ಕಿವಿಯಿಂದ ಕೇಳುತ್ತಾಳೆ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ: ಪಿಯುಸಿಯ ನೆಪದಲ್ಲಿ ಪಾಠ ಬಿಡಿಸಬೇಡಿ, ಬೇಕಾದರೆ ವಾರದ ತರಗತಿ ಕಡಿಮೆ ಮಾಡಿಸಿ. ವರ್ಷಗಟ್ಟಲೆ ಅಡವು ತುಳಿದ ಮಗುವಿಗೆ ಅದರ ಅರ್ಥ ತಿಳಿಯುವ ಹೊತ್ತಿನಲ್ಲೇ ಕಲಿಕೆ ನಿಲ್ಲಿಸುವುದು ಅನ್ಯಾಯ.