ಐತಿಹಾಸಿಕ ಜನಸಮುದಾಯಗಳ ವೃತ್ತಿಜೀವನದ ಸಂಖ್ಯಾಶಾಸ್ತ್ರೀಯ ಅಧ್ಯಯನ

ಐತಿಹಾಸಿಕ ಜನಸಮುದಾಯಗಳ ವೃತ್ತಿಜೀವನದ ಸಂಖ್ಯಾಶಾಸ್ತ್ರೀಯ ಅಧ್ಯಯನವೆಂದರೆ ಹಿಂದಿನ ಕಾಲದ ಜನರು ತಮ್ಮ ಜೀವಿತಾವಧಿಯಲ್ಲಿ ಯಾವ ಯಾವ ಕಸುಬುಗಳನ್ನು ಕೈಗೊಂಡರು, ಯಾವ ವಯಸ್ಸಿನಲ್ಲಿ ಅವುಗಳನ್ನು ಬದಲಿಸಿದರು, ಸಮಾಜದಲ್ಲಿ ಮೇಲೇರಿದರೇ ಅಥವಾ ಕೆಳಗಿಳಿದರೇ ಎಂಬುದನ್ನು ಹಳೆಯ ದಾಖಲೆಗಳಿಂದ ಅಳೆಯುವ ವಿಧಾನಗಳ ಸಮೂಹ. ಸಾಮಾಜಿಕ ಇತಿಹಾಸ, ಸಮಾಜಶಾಸ್ತ್ರ ಮತ್ತು ಜನಸಂಖ್ಯಾಶಾಸ್ತ್ರಗಳು ಇಲ್ಲಿ ಸಂಧಿಸುತ್ತವೆ. ತಂದೆಯ ವೃತ್ತಿಯನ್ನು ಮಗನ ವೃತ್ತಿಯೊಡನೆ ಹೋಲಿಸುವ ಅಧ್ಯಯನಕ್ಕೆ ಒಬ್ಬೊಬ್ಬರ ಬಗ್ಗೆ ಒಂದೊಂದು ಮಾಹಿತಿ ಸಾಕು. ವೃತ್ತಿಜೀವನದ ಅಧ್ಯಯನಕ್ಕಾದರೋ ಒಬ್ಬನೇ ವ್ಯಕ್ತಿಯನ್ನು ದಶಕಗಳ ಕಾಲ ಹಿಂಬಾಲಿಸಬೇಕು. ಈ ಕ್ಷೇತ್ರದ ತೊಡಕುಗಳು ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ.

ಆಕರಗಳು ಮತ್ತು ಜೋಡಣೆ

ಜನಗಣತಿಯ ಹಾಳೆಗಳು, ಜನನ-ವಿವಾಹ-ಮರಣ ನೋಂದಣಿಗಳು, ಚರ್ಚಿನ ದಾಖಲೆಗಳು ಹಾಗೂ ಸಂಸ್ಥೆಗಳ ಸಿಬ್ಬಂದಿ ಕಡತಗಳು ಮುಖ್ಯ ಆಕರಗಳು. ನೆದರ್ಲೆಂಡ್ಸ್‌ನ ವಿವಾಹ ಪತ್ರಗಳಲ್ಲಿ ವಧೂವರರ ಮತ್ತು ಅವರ ತಂದೆಯರ ವೃತ್ತಿಗಳನ್ನೂ ಜನನ ಪತ್ರಗಳಲ್ಲಿ ಮಗುವಿನ ತಂದೆಯ ವೃತ್ತಿಯನ್ನೂ ಬರೆಯಲಾಗುತ್ತಿತ್ತು. ಇದರಿಂದ ಒಂದು ವಿಚಿತ್ರ ಅಸಮತೆ ಉಂಟಾಗುತ್ತದೆ. ಎಂಟು ಮಕ್ಕಳ ತಂದೆ ದಾಖಲೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಅವಿವಾಹಿತನಾಗಿ ಉಳಿದವನು ಇಂತಹ ಪತ್ರಗಳಲ್ಲಿ ಬಹುತೇಕ ಕಾಣುವುದೇ ಇಲ್ಲ.

ಬೇರೆ ಬೇರೆ ವರ್ಷಗಳ ದಾಖಲೆಗಳಲ್ಲಿರುವ ಹೆಸರುಗಳು ಒಬ್ಬನೇ ವ್ಯಕ್ತಿಯವೆಂದು ನಿರ್ಧರಿಸುವ ಕಾರ್ಯವೇ ದಾಖಲೆ ಜೋಡಣೆ. ಐವಾನ್ ಫೆಲ್ಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಇದಕ್ಕೆ ಸಂಭವನೀಯತೆಯ ಸಿದ್ಧಾಂತವನ್ನು ಒದಗಿಸಿದರು. ಇಲ್ಲಿ ಆಗುವ ತಪ್ಪು ಸಾಮಾನ್ಯವಾದುದಲ್ಲ. 1850ರ ಗಣತಿಯ ಕೂಲಿಕಾರನನ್ನು 1860ರ ಗಣತಿಯಲ್ಲಿರುವ ಅದೇ ಹೆಸರಿನ ವ್ಯಾಪಾರಿಯೊಡನೆ ಜೋಡಿಸಿದರೆ, ಎಂದೂ ನಡೆಯದ ಏಳಿಗೆಯೊಂದು ಅಂಕಿ-ಅಂಶಗಳಲ್ಲಿ ಸೇರಿಬಿಡುತ್ತದೆ. ತಪ್ಪು ಜೋಡಣೆಗಳು ಹೆಚ್ಚಿದಷ್ಟೂ ಹಿಂದಿನ ಸಮಾಜವು ಇದ್ದುದಕ್ಕಿಂತ ಚಲನಶೀಲವಾಗಿ ತೋರುತ್ತದೆ.

ವೃತ್ತಿಗಳ ವರ್ಗೀಕರಣ

ಮಾರ್ಕೊ ವಾನ್ ಲೇವೆನ್, ಇನೆಕೆ ಮಾಸ್ ಮತ್ತು ಆಂಡ್ರ್ಯೂ ಮೈಲ್ಸ್ 2002ರಲ್ಲಿ ಪ್ರಕಟಿಸಿದ 'ಹಿಸ್ಕೊ' ಎಂಬ ಸಂಕೇತ ಪದ್ಧತಿಯು ಹಳೆಯ ವೃತ್ತಿನಾಮಗಳಿಗೆ ಐದಂಕಿಯ ಸಂಕೇತ ನೀಡುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1968ರ ವರ್ಗೀಕರಣ ಇದಕ್ಕೆ ಆಧಾರ. ಉದಾಹರಣೆಗೆ, ಸಾಮಾನ್ಯ ರೈತನ ಸಂಕೇತ 61110. ಈ ಸಂಕೇತಗಳನ್ನು 'ಹಿಸ್ಕ್ಲಾಸ್' ಪದ್ಧತಿಯು 12 ಸಾಮಾಜಿಕ ವರ್ಗಗಳಾಗಿ ವಿಂಗಡಿಸಿದರೆ, 'ಹಿಸ್ಕ್ಯಾಮ್' ಪದ್ಧತಿಯು ಅವುಗಳನ್ನು 1ರಿಂದ 99ರವರೆಗಿನ ಅಳತೆಗೋಲಿನ ಮೇಲೆ ಇರಿಸುತ್ತದೆ.

ಘಟನಾ ಇತಿಹಾಸ ವಿಶ್ಲೇಷಣೆ

ಸ್ಟೀಫನ್ ಥರ್ನ್‌ಸ್ಟ್ರಾಮ್ ಅವರ 1964ರ 'ಪಾವರ್ಟಿ ಅಂಡ್ ಪ್ರೋಗ್ರೆಸ್' ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಪ್ರಸಿದ್ಧವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಬರಿಪೋರ್ಟ್ ಪಟ್ಟಣದ ಕೂಲಿಕಾರರನ್ನು 1850ರಿಂದ 1880ರವರೆಗಿನ ಗಣತಿಗಳಲ್ಲಿ ಅವರು ಹುಡುಕಿದರು. ಉಳಿದವರಲ್ಲಿ ಕಸುಬಿನಲ್ಲಿ ಮೇಲೇರಿದವರಿಗಿಂತ ಅಲ್ಪಸ್ವಲ್ಪ ಆಸ್ತಿ ಮಾಡಿಕೊಂಡವರ ಸಂಖ್ಯೆ ಗಮನಾರ್ಹವಾಗಿತ್ತು. ಆದರೆ ಅನೇಕರು ಮುಂದಿನ ಗಣತಿಯ ವೇಳೆಗೆ ಊರನ್ನೇ ಬಿಟ್ಟಿದ್ದರು. ಹೋದವರು ಬೇರೆಡೆ ಉದ್ಧಾರವಾದರೇ, ಇನ್ನಷ್ಟು ಬಡವರಾದರೇ ಎಂಬುದನ್ನು ಒಂದೇ ಊರಿನ ದಾಖಲೆ ಹೇಳಲಾರದು.

ಹೀಗೆ ನಡುವೆಯೇ ಮಾಹಿತಿ ಕಡಿದುಹೋಗುವುದನ್ನು ಸಂಖ್ಯಾಶಾಸ್ತ್ರದಲ್ಲಿ ಸೆನ್ಸರಿಂಗ್ ಎನ್ನುತ್ತಾರೆ. ಕಪ್ಲಾನ್ ಮತ್ತು ಮೈಯರ್ ಅವರ 1958ರ ವಿಧಾನ ಹಾಗೂ ಡೇವಿಡ್ ಕಾಕ್ಸ್ ಅವರ 1972ರ ಮಾದರಿಯಲ್ಲಿ, ವ್ಯಕ್ತಿಯು ಕಣ್ಮರೆಯಾಗುವವರೆಗಿನ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅನಂತರದ್ದನ್ನು ಊಹಿಸದೆ ಬಿಡಬಹುದು. ಆದರೆ ಊರು ಬಿಟ್ಟದ್ದಕ್ಕೂ ಏಳಿಗೆಗೂ ಸಂಬಂಧವಿಲ್ಲವೆಂಬ ಗ್ರಹಿಕೆ ಇದರ ಹಿಂದಿದೆ. ಕೆಲಸ ಅರಸಿ ವಲಸೆ ಹೋಗುವವರ ವಿಷಯದಲ್ಲಿ ಆ ಗ್ರಹಿಕೆ ದುರ್ಬಲ.

ಅನುಕ್ರಮ ವಿಶ್ಲೇಷಣೆ

ಒಂದು ಬದಲಾವಣೆಯನ್ನಲ್ಲದೆ ಇಡೀ ವೃತ್ತಿಪಥವನ್ನೇ ಹೋಲಿಸುವ ವಿಧಾನವಿದು. ಆಂಡ್ರ್ಯೂ ಅಬಟ್ ಮತ್ತು ಅಲೆಕ್ಸಾಂಡ್ರಾ ಹ್ರಿಸಾಕ್ 1990ರಲ್ಲಿ 18ನೆಯ ಶತಮಾನದ ಜರ್ಮನ್ ಸಂಗೀತಗಾರರ ವೃತ್ತಿಜೀವನಕ್ಕೆ ಇದನ್ನು ಅನ್ವಯಿಸಿದರು. ಜೀವವಿಜ್ಞಾನದಲ್ಲಿ ಪ್ರೋಟೀನ್ ಮತ್ತು ಡಿಎನ್‌ಎ ಸರಣಿಗಳನ್ನು ಹೋಲಿಸುವ ತಂತ್ರಕ್ಕೆ ಇದು ಹತ್ತಿರದ್ದು: ಒಂದು ಸರಣಿಯನ್ನು ಇನ್ನೊಂದಾಗಿ ಮಾರ್ಪಡಿಸಲು ಬೇಕಾಗುವ ಕನಿಷ್ಠ ವೆಚ್ಚವೇ ಅವುಗಳ ನಡುವಿನ ದೂರ.

ಅದೇ ಕಾಲದ ಇಬ್ಬರನ್ನು ವಿವರಣೆಗಾಗಿ ಇಲ್ಲಿ ತೆಗೆದುಕೊಳ್ಳಬಹುದು (ಈ ಲೆಕ್ಕವು ಮೇಲಿನ ಅಧ್ಯಯನದ್ದಲ್ಲ). ಯೋಹಾನ್ ಸೆಬಾಸ್ಟಿಯನ್ ಬಾಖ್ 1703ರಲ್ಲಿ ಆರ್ನ್‌ಸ್ಟಾಟ್‌ನಲ್ಲಿ ಚರ್ಚಿನ ಆರ್ಗನ್ ವಾದಕನಾದನು. 1708ರಿಂದ ವೈಮರ್ ಮತ್ತು ಕ್ಯೋಥೆನ್ ಆಸ್ಥಾನಗಳಲ್ಲಿದ್ದನು. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಲೈಪ್‌ಜಿಗ್ ನಗರದ ಸೇವೆಯಲ್ಲಿದ್ದನು. ವರ್ಷಗಳಲ್ಲಿ ಎಣಿಸಿದರೆ ಚರ್ಚು 5, ಆಸ್ಥಾನ 15, ನಗರ 27. ಗೆಯೋರ್ಗ್ ಫಿಲಿಪ್ ಟೆಲೆಮಾನ್ 1704ರಲ್ಲಿ ಚರ್ಚಿನಲ್ಲಿ, 1705ರಿಂದ ಆಸ್ಥಾನಗಳಲ್ಲಿ, 1712ರಿಂದ ಫ್ರಾಂಕ್‌ಫರ್ಟ್ ಮತ್ತು ಹ್ಯಾಂಬರ್ಗ್ ನಗರಗಳ ಸೇವೆಯಲ್ಲಿದ್ದನು. ಮೊದಲ 47 ವರ್ಷಗಳಲ್ಲಿ ಇವನ ಲೆಕ್ಕ 1, 7, 39.

ಇಬ್ಬರ ಕ್ರಮವೂ ಒಂದೇ, ಅವಧಿಗಳು ಮಾತ್ರ ಬೇರೆ. ವರ್ಷಕ್ಕೆ ವರ್ಷವನ್ನು ಎದುರಿಟ್ಟರೆ 16 ವರ್ಷಗಳು ಭಿನ್ನವಾಗಿವೆ. ಪ್ರತಿ ಕ್ರಿಯೆಗೂ ವೆಚ್ಚ 1 ಎಂದಿಟ್ಟರೆ ದೂರವೂ 16. ಒಂದು ಸ್ಥಾನವನ್ನು ಇನ್ನೊಂದಕ್ಕೆ ಬದಲಿಸುವ ವೆಚ್ಚವನ್ನು 2ಕ್ಕೆ ಏರಿಸಿದರೆ, 12 ವರ್ಷಗಳನ್ನು ಅಳಿಸಿ 12 ವರ್ಷಗಳನ್ನು ಸೇರಿಸುವುದೇ ಅಗ್ಗವಾಗಿ ದೂರ 24 ಆಗುತ್ತದೆ. ಬಾಖ್‌ನ ಬದುಕು ಬದಲಾಗಿಲ್ಲ. ಸಂಶೋಧಕನು ನಿಗದಿಪಡಿಸಿದ ವೆಚ್ಚ ಬದಲಾಗಿದೆ. ಈ ವಿಧಾನದ ಮೇಲಿನ ಮುಖ್ಯ ಆಕ್ಷೇಪವೂ ಇದೇ ಆಗಿದೆ. ಅದಕ್ಕೂ ಮೊದಲು, ನಗರಸಭೆಯೇ ನೇಮಿಸಿದ ಚರ್ಚಿನ ವಾದಕನನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಬಹುಸ್ತರ ಬೆಳವಣಿಗೆ ಮಾದರಿಗಳು

ಇವು ವೃತ್ತಿಯ ಅಂತಸ್ತನ್ನು ವಯಸ್ಸಿನೊಂದಿಗೆ ಬದಲಾಗುವ ರೇಖೆಯಾಗಿ ಕಾಣುತ್ತವೆ. ಅವಲೋಕನಗಳು ವ್ಯಕ್ತಿಯೊಳಗೆ, ವ್ಯಕ್ತಿಗಳು ಊರು ಅಥವಾ ಪೀಳಿಗೆಯೊಳಗೆ ಅಡಕವಾಗಿರುತ್ತವೆ. ಪ್ರತಿ ವ್ಯಕ್ತಿಗೂ ತನ್ನದೇ ಆರಂಭದ ಎತ್ತರ ಮತ್ತು ತನ್ನದೇ ಏರಿಕೆಯ ವೇಗ ಇರುತ್ತದೆ. ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಒಂಬತ್ತು ಅವಲೋಕನಗಳಿದ್ದರೂ, ಅವುಗಳ ನಡುವಿನ ಅಂತರ ಅಸಮವಾಗಿದ್ದರೂ ಅಡ್ಡಿಯಿಲ್ಲವಾದುದರಿಂದ ಹರಕು ದಾಖಲೆಗಳಿಗೆ ಈ ಮಾದರಿಗಳು ಚೆನ್ನಾಗಿ ಹೊಂದುತ್ತವೆ. ತಂದೆಯ ಅಂತಸ್ತು ಮಗನ ಮೊದಲ ಕೆಲಸವನ್ನು ಮಾತ್ರ ನಿರ್ಧರಿಸುತ್ತದೆಯೇ ಅಥವಾ ಮುಂದಿನ ಏರಿಕೆಯನ್ನೂ ನಿರ್ಧರಿಸುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ಕೇಳಬಹುದು.

ಸ್ತ್ರೀಯರ ವೃತ್ತಿಗಳು

ಈ ಯಾವ ವಿಧಾನವೂ ದಾಖಲಾಗದ ವೃತ್ತಿಯನ್ನು ಕಾಣಲಾರದು. 19ನೆಯ ಶತಮಾನದ ಯುರೋಪಿನ ನೋಂದಣಿಗಳಲ್ಲಿ ಮದುವೆಗೆ ಮುನ್ನ ಮನೆಗೆಲಸದವಳು ಎಂದು ಬರೆಯಲ್ಪಟ್ಟ ಹೆಣ್ಣಿಗೆ ಮದುವೆಯ ನಂತರ ಹಲವು ವೇಳೆ ಯಾವ ವೃತ್ತಿಯೂ ಇರುವುದಿಲ್ಲ. ಆಕೆ ಹೊಲದಲ್ಲಿಯೋ ಗಂಡನ ಅಂಗಡಿಯಲ್ಲಿಯೋ ದುಡಿಯುತ್ತಿದ್ದಿರಬಹುದು. ಆ ಖಾಲಿ ಜಾಗವನ್ನು ನಿರುದ್ಯೋಗವೆಂದು ಓದಿದರೆ ಗುಮಾಸ್ತನ ರೂಢಿಯನ್ನೇ ಆಕೆಯ ಜೀವನವೆಂದು ಎಣಿಸಿದಂತಾಗುತ್ತದೆ. ಆದಕಾರಣ ಹಲವು ಅಧ್ಯಯನಗಳು ಪುರುಷರಿಗೇ ಸೀಮಿತವಾಗಿವೆ. ಅವುಗಳ ಶೀರ್ಷಿಕೆಗಳು ಯಾವಾಗಲೂ ಹಾಗೆ ಹೇಳುವುದಿಲ್ಲ.